ಹಿಡಿಯೊಳಗಿನ ತುಕ್ಕನ್ನು ಮುಟ್ಟಬೇಡಿ

ಪ್ರಶ್ನೆ: ನಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಹವಾಲ್ದಾರರಾಗಿ ಬರ್ಮಾದಲ್ಲಿದ್ದರು. ಅವರು ತಂದ ಜಪಾನಿ ಖಡ್ಗ ಮನೆಯಲ್ಲಿದೆ. ಪ್ರತಿ ವರ್ಷ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊದ್‌ಗೆ ಮುನ್ನ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಪೂಜೆಗೆ ಇಡುತ್ತೇವೆ. ಈ ಸಲ ಹಿಡಿ ಕಳಚಿಕೊಂಡಿತು. ಒಳಗೆ ಜಪಾನಿ ಅಕ್ಷರಗಳಿವೆ. ತುಕ್ಕು ಇರುವುದರಿಂದ ಫೋಟೊ ಮಸುಕಾಗಿದೆ. ತುಕ್ಕು ತೆಗೆದು ಬೇರೆ ಫೋಟೊ ಕಳುಹಿಸುತ್ತೇವೆ. ಬೆಂಗಳೂರಿನಿಂದ ಬಂದಿದ್ದ ಪುರಾತನ ವಸ್ತುಗಳ ವ್ಯಾಪಾರಿಯೊಬ್ಬರು ಇದು ಮುನ್ನೂರು ವರ್ಷದ ಸಮುರಾಯ್ ಖಡ್ಗ, ಯಾರೋ ಜನರಲ್‌ಗೆ ಸೇರಿದ್ದು ಎಂದರು. ನಿಜವೇ?
– ಮಡಿಕೇರಿ ಬಳಿಯ ಓದುಗರು

ತೆಗೆಯಬೇಡಿ. ಉಳಿದದ್ದನ್ನು ಆಮೇಲೆ ಓದಿ, ಮೊದಲು ಮನೆಯವರೆಲ್ಲರಿಗೂ ಇದನ್ನು ಹೇಳಿ ಬನ್ನಿ.

ಹಿಡಿಯೊಳಗೆ ಅಡಗಿರುವ ಅಲಗಿನ ಬಾಲಕ್ಕೆ ಜಪಾನಿಯರು ನಕಾಗೊ ಎನ್ನುತ್ತಾರೆ. ಅಲಗಿನ ಮಿಕ್ಕ ಭಾಗವನ್ನು ತಲೆಮಾರುಗಳ ಕಾಲ ಸಾಣೆ ಹಿಡಿದು ಹೊಳೆಯಿಸಿದವರೂ ನಕಾಗೊವನ್ನು ಮಾತ್ರ ಮುಟ್ಟಲಿಲ್ಲ. ಅದರ ತುಕ್ಕು ಕೊಳೆಯಲ್ಲ, ವಯಸ್ಸು. ನಿಜವಾಗಿ ಮುನ್ನೂರು ವರ್ಷ ದಾಟಿದ ನಕಾಗೊ ಹಳೆಯ ಕಬ್ಬಿಣದ ಬಾಣಲೆಯ ಹಾಗೆ ಕಪ್ಪುಗಂದು ಬಣ್ಣಕ್ಕೆ ತಿರುಗಿ, ನುಣುಪಾಗಿ, ಬೆರಳಿಗೆ ಏನನ್ನೂ ಅಂಟಿಸದೆ ಇರುತ್ತದೆ. 1940ರ ದಶಕದ ನಕಾಗೊ ಬೂದುಬಣ್ಣದ್ದು. ಅಲ್ಲಲ್ಲಿ ಕೆಂಪು ತುಕ್ಕಿನ ಮಚ್ಚೆ, ಅರದ ಗೆರೆಗಳು ಇನ್ನೂ ಚೂಪು. ಆಮ್ಲ ಸುರಿದು ‘ಪುರಾತನ’ ಮಾಡಿದ್ದು ಕಿತ್ತಳೆ ಬಣ್ಣಕ್ಕಿದ್ದು ಪುಡಿಪುಡಿಯಾಗಿ ಬೆರಳಿಗೆ ಬರುತ್ತದೆ. ಈ ಮೂರನ್ನು ಬೇರ್ಪಡಿಸುವುದೇ ಪರೀಕ್ಷೆಯ ಮೊದಲ ಹೆಜ್ಜೆ. ತಿಕ್ಕಿಬಿಟ್ಟರೆ ಮೂರೂ ಒಂದೇ ಥರ ಹೊಳೆಯುತ್ತವೆ, ನಾನೂ ನಿಮ್ಮಷ್ಟೇ ಕುರುಡನಾಗುತ್ತೇನೆ. ಇಷ್ಟು ಖಾರವಾಗಿ ಹೇಳಲು ಕಾರಣವಿದೆ: ನಾನು ಕೊಂಡ ಮೊದಲ ಖಡ್ಗದ ನಕಾಗೊವನ್ನು ಎಮರಿ ಕಾಗದದಿಂದ ಒಂದು ಭಾನುವಾರವಿಡೀ ಉಜ್ಜಿದವನು ನಾನೇ. ಅದು ಯಾವ ಕಾಲದ್ದೆಂದು ಇಂದಿಗೂ ಗೊತ್ತಾಗಿಲ್ಲ.

ಫೋಟೊ ಮಸುಕಾಗಿರುವುದು ತುಕ್ಕಿನ ತಪ್ಪಲ್ಲ, ಬೆಳಕಿನದು. ಕೋಣೆಯನ್ನು ಕತ್ತಲು ಮಾಡಿ, ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದು ಎರಡೂ ಬದಿಯ ಫೋಟೊ ತೆಗೆಯಿರಿ. ಅಕ್ಷರ ಏಳದಿದ್ದರೆ ಒಣ ಟಾಲ್ಕಂ ಪುಡಿ ಸವರಿ ಮೆಲ್ಲಗೆ ಒರೆಸಿ. ಉಳಿಯಿಂದ ಕೆತ್ತಿದ ಗೀರುಗಳಲ್ಲಿ ಪುಡಿ ನಿಂತು ಬೆಳ್ಳಗೆ ಕಾಣುತ್ತದೆ. ಹಿಡಿಗೂ ಅಲಗಿಗೂ ನಡುವೆ, ಕೈ ಕಾಯುವ ಕಾಪಿನ ಎರಡೂ ಕಡೆ ತೆಳ್ಳನೆಯ ಬಿಲ್ಲೆಗಳಿರುತ್ತವೆ. ಅವು ಬಂದ ಕ್ರಮದಲ್ಲೇ ದಾರಕ್ಕೆ ಪೋಣಿಸಿಡಿ. ಬಿಲ್ಲೆಗಳ ಮೇಲೆ ಒಂದೇ ಸಂಖ್ಯೆ ಹೊಡೆದಿದ್ದರೆ ಅವು ಹುಟ್ಟಿನಿಂದ ಜೊತೆಗಿದ್ದವು ಎಂದರ್ಥ. ಯಾರದೋ ಮನೆಯಲ್ಲಿ ಮಕ್ಕಳು ಅವುಗಳನ್ನು ಆಟದ ನಾಣ್ಯ ಮಾಡಿಕೊಂಡಿದ್ದನ್ನು ನೋಡಿದ್ದೇನೆ.

ಈಗ ನಿಮ್ಮ ಮಸುಕು ಫೋಟೊಕ್ಕೆ ಬರೋಣ. ಒಂದು ಬದಿಯ ಮೇಲಿನ ಎರಡು ಅಕ್ಷರಗಳು ‘ಶೋವಾ’ ಎಂದು ಓದಿಸಿಕೊಳ್ಳುತ್ತಿವೆ. ಹಿರೋಹಿಟೊ ಚಕ್ರವರ್ತಿಯ ಕಾಲದ ಶಕೆ ಅದು. ಶೋವಾ ವರ್ಷಕ್ಕೆ 1925 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಶೋವಾ 17 ಎಂದರೆ 1942. ಕೆಳಗಿನ ಅಂಕಿ ಏನೇ ಇರಲಿ, ಮುನ್ನೂರು ವರ್ಷದ ಮಾತು ಅಲ್ಲಿಗೇ ಮುಗಿಯಿತು. ವ್ಯಾಪಾರಿ ಹಿಡಿಯನ್ನು ಬಿಚ್ಚಿ ನೋಡಿದ್ದರೇ ಎಂದು ಕೇಳಿ. ನೋಡಿರುವುದಿಲ್ಲ. ಒರೆಯನ್ನು ಸವರಿ, ಗಾಳಿಯಲ್ಲಿ ಒಮ್ಮೆ ಬೀಸಿ, ಕಣ್ಣು ಅರ್ಧ ಮುಚ್ಚಿ ಶತಮಾನ ಹೇಳುವ ಈ ಜನರಿಗಿಂತ ಗಿಣಿಶಾಸ್ತ್ರದವನು ಮೇಲು. ಗಿಣಿಯಾದರೂ ಒಂದು ಚೀಟಿ ಎತ್ತಿ ತೋರಿಸುತ್ತದೆ.

ಆದರೆ ಶೋವಾ ಎಂದ ಮಾತ್ರಕ್ಕೆ ಕಳಪೆ ಎಂದು ತಿಳಿಯಬೇಡಿ. ಹಾಗೆ ತಿಳಿದು ಒಳ್ಳೆಯ ಖಡ್ಗವನ್ನು ಗುಜರಿ ಬೆಲೆಗೆ ಕೊಟ್ಟವರೂ ಇದ್ದಾರೆ. 1876ರಲ್ಲಿ ಮೇಯ್ಜಿ ಸರ್ಕಾರ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿತು. ಸೈನ್ಯ, ಪೊಲೀಸರಿಗೆ ವಿನಾಯಿತಿ ಇತ್ತು. ಅಂದಿನ ಅಧಿಕಾರಿಗಳು ಸೊಂಟಕ್ಕೆ ಕಟ್ಟಿದ್ದು ಐರೋಪ್ಯ ಮಾದರಿಯ ಹಿಡಿ, ಬೆರಳು ಕಾಯುವ ಬಿಲ್ಲು ಇರುವ, ಕ್ಯೂ ಗುಂತೋ ಎಂಬ ಸೇನಾ ಖಡ್ಗ. 1934ರಲ್ಲಿ ದೇಶಾಭಿಮಾನದ ಅಲೆಯೆದ್ದು ಹಳೆಯ ರೂಪ ಮರಳಿತು: ಮೀನಿನ ಚರ್ಮದ ಮೇಲೆ ನೇಯ್ದ ಪಟ್ಟಿ ಸುತ್ತಿದ ಹಿಡಿ, ಸಕುರಾ ಹೂವಿನ ಲೋಹದ ಕೆಲಸ, ನೇತುಹಾಕಲು ಎರಡು ಬಳೆ. ಅದು 94ನೇ ಮಾದರಿ. 1938ರ 98ನೇ ಮಾದರಿಗೆ ಒಂದೇ ಬಳೆ. ನಿಮ್ಮದಕ್ಕೂ ಒಂದೇ ಇದೆ. ಬರ್ಮಾದಿಂದ ಬಂದವುಗಳಲ್ಲಿ ಇದು ಹೇರಳ.

ಆ ಯುದ್ಧಕಾಲದಲ್ಲಿ ಅಧಿಕಾರಿಗಳ ಸಂಖ್ಯೆ ಬೆಳೆದಂತೆ ಕುಲುಮೆಗಳು ಸಾಲಲಿಲ್ಲ. ಗಿಫು ಪ್ರಾಂತ್ಯದ ಸೆಕಿ ಊರಿನಲ್ಲಿ ಕಾರ್ಖಾನೆಯ ಉಕ್ಕನ್ನು ಬಡಿದು, ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟು ರಾಶಿರಾಶಿಯಾಗಿ ಮಾಡಿದರು. ಇವೇ ಶೋವಾತೊ. ನಕಾಗೊ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಮುದ್ರೆ ಇರಬಹುದು, ‘ಶೋ’ ಅಥವಾ ‘ಸೆಕಿ’ ಎಂಬ ಅಕ್ಷರದ್ದು. ಅದು ಇದ್ದರೆ ಸಾಮಾನ್ಯವಾಗಿ ಸಾಂಪ್ರದಾಯಿಕ ವಿಧಾನದ್ದಲ್ಲ. ಐದು ಮೂಲೆಯ ಪುಟ್ಟ ನಕ್ಷತ್ರ ಇದ್ದರೆ ಖುಷಿಪಡಿ: ಸೈನ್ಯವೇ ಮಾನ್ಯ ಮಾಡಿ, ತಮಾಹಗಾನೆ ಎಂಬ ಸಾಂಪ್ರದಾಯಿಕ ಉಕ್ಕು ಒದಗಿಸಿದ ಕಮ್ಮಾರನ ಕೆಲಸ ಅದು. ಟೋಕಿಯೋದ ಯಾಸುಕುನಿ ದೇವಾಲಯದ ಆವರಣದಲ್ಲಿ 1933ರಿಂದ 1945ರವರೆಗೆ ನಡೆದ ಕುಲುಮೆಯಿಂದ ಸುಮಾರು 8,100 ಅಲಗುಗಳು ಹೊರಬಂದವು. ಅಲ್ಲಿನ ಕಮ್ಮಾರರ ಹೆಸರು ‘ಯಾಸು’ ಎಂದು ಶುರುವಾಗುತ್ತದೆ. ಅವುಗಳಿಗೆ ಸಂಗ್ರಾಹಕರು ಮುಗಿಬೀಳುತ್ತಾರೆ. ಮುದ್ರೆಯೇ ಇಲ್ಲದಿದ್ದರೆ? ಏನನ್ನೂ ತೀರ್ಮಾನಿಸಲಾಗದು, ಅಲಗನ್ನೇ ಓದಬೇಕು.

ಹಾಗೆ ಓದಲು ಬೇಕಾಗಿದ್ದನ್ನೇ ನಿಮ್ಮ ಹುಣಸೆಹಣ್ಣು ತಿಂದಿದೆ. ಅಂಚಿನುದ್ದಕ್ಕೂ ಮಂಜಿನ ಹಾಗೆ ತೇಲುವ ಹದದ ಗೆರೆಗೆ ಹಮೋನ್ ಎಂದು ಹೆಸರು. ನೀರಿನಲ್ಲಿ ಹದವಾದ ಸಾಂಪ್ರದಾಯಿಕ ಅಲಗಿನ ಗೆರೆಯನ್ನು ದೀಪಕ್ಕೆ ಓರೆ ಹಿಡಿದರೆ ಬೆಳ್ಳಿಯ ರವೆಯಂತಹ ಕಣಗಳು ಮಿನುಗುತ್ತವೆ. ಎಣ್ಣೆಯ ಹದದ ಗೆರೆಯಲ್ಲಿ ಆ ಜೀವವಿರುವುದಿಲ್ಲ. ಹುಳಿ ಇಡೀ ಮೈಯನ್ನು ಕೊರೆದು ಕಪ್ಪಾಗಿಸುತ್ತದೆ, ಬೂದಿ ಗೀರು ಹಾಕುತ್ತದೆ. ಎರಡೂ ಸೇರಿದರೆ ಗೆರೆ ಮುಚ್ಚಿಹೋಗುತ್ತದೆ. ನಿಮ್ಮ ಅಲಗಿನ ಫೋಟೊದಲ್ಲಿ ನನಗೆ ಕಂಡಿದ್ದು ಹಿತ್ತಾಳೆ ಚೆಂಬಿನ ಹೊಳಪು ಮಾತ್ರ. ಹಮೋನ್ ಸತ್ತಿಲ್ಲ, ಅಡಗಿದೆ. ಅದನ್ನು ಹೊರತರಲು ಜಪಾನಿ ಸಾಣೆಗಾರರೇ ಬೇಕು. ಅವರು ಒಂದಂಗುಲಕ್ಕೆ ಇಷ್ಟೆಂದು ಲೆಕ್ಕ ಹಾಕುತ್ತಾರೆ. ಸಾಮಾನ್ಯ ಶೋವಾತೊ ಆಗಿದ್ದರೆ ಸಾಣೆಯ ಖರ್ಚು ಖಡ್ಗದ ಬೆಲೆಯನ್ನೇ ದಾಟಬಹುದು. ಆದ್ದರಿಂದ ಸುಮ್ಮನಿರಿ. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವ ಶುದ್ಧ ಎಣ್ಣೆಯ ತೆಳ್ಳನೆ ಪದರ ಸವರಿ ಇಡಿ, ಸಾಕು. ಕೊಡಗಿನ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ. ಕೈಲ್ ಪೊದ್‌ಗೆ ಹಬ್ಬದ ತೋಕ್ ಪೂ ಹೂವಿನಿಂದ ಸಿಂಗರಿಸಿ, ಗಂಧವಿಡಿ, ಬೇಡವೆನ್ನಲು ನಾನು ಯಾರು? ಆದರೆ ಗಂಧ ಒರೆಯ ಮೇಲಿರಲಿ, ಅಲಗಿನ ಮೇಲೆ ಬೇಡ.

ಇನ್ನು ಆ ಜನರಲ್. ಬರ್ಮಾದಲ್ಲಿ ಶರಣಾದ ಜಪಾನಿ ಅಧಿಕಾರಿಗಳು ಖಡ್ಗಗಳನ್ನು ಒಪ್ಪಿಸಲೇಬೇಕೆಂದು ಹದಿನಾಲ್ಕನೇ ಸೇನೆಯನ್ನು ನಡೆಸಿದ್ದ ಬ್ರಿಟಿಷ್ ಜನರಲ್ ಸ್ಲಿಮ್ ಹಟ ಹಿಡಿದರು. ಅಮೆರಿಕದ ಜನರಲ್ ಮೆಕಾರ್ಥರ್‌ಗೆ ಆ ಪದ್ಧತಿ ಬೇಡವಾಗಿತ್ತು. ಬರ್ಮಾದ ಜಪಾನಿ ಸೇನಾಧಿಪತಿ ಜನರಲ್ ಕಿಮುರಾ ಅವರ ಖಡ್ಗ ಕೊನೆಗೆ ಸ್ಲಿಮ್ ಅವರ ಮನೆ ಸೇರಿತು. ಜನರಲ್‌ಗಳ ಖಡ್ಗ ಜನರಲ್‌ಗಳಿಗೇ ಹೋಗುತ್ತಿತ್ತು, ಹವಾಲ್ದಾರರಿಗೆ ಸಿಗುತ್ತಿದ್ದುದು ಲೆಫ್ಟಿನೆಂಟ್, ಕ್ಯಾಪ್ಟನ್, ಸಾರ್ಜೆಂಟ್‌ಗಳದ್ದು. ಇದರಲ್ಲಿ ನಾಚಿಕೆ ಏನಿದೆ? ನಿಮ್ಮ ಅಜ್ಜ ಎದುರಿಸಿದ್ದೂ ಅವರನ್ನೇ. ಹಿಡಿಯ ತುದಿಯ ಕುಚ್ಚಿನ ಒಳಬಣ್ಣ ನೀಲಿಯಾದರೆ ಲೆಫ್ಟಿನೆಂಟ್ ಅಥವಾ ಕ್ಯಾಪ್ಟನ್, ಕೆಂಪಾದರೆ ಮೇಜರ್‌ನಿಂದ ಕರ್ನಲ್‌ವರೆಗೆ, ಕೆಂಪಿನೊಡನೆ ಜರಿ ಬೆರೆತರೆ ಜನರಲ್. ಆದರೆ ಕುಚ್ಚು ಬದಲಿಸಲು ಎರಡು ನಿಮಿಷ ಸಾಕು. ಅದನ್ನು ನಂಬಿ ದುಡ್ಡು ಕೊಡಬೇಡಿ. ಅದಕ್ಕಿಂತ, ಅಜ್ಜನ ಪೆಟ್ಟಿಗೆಯಲ್ಲಿ ಮರದ ಅಥವಾ ಬಟ್ಟೆಯ ಚೀಟಿ ಇದೆಯೇ ಹುಡುಕಿ. ಶರಣಾಗುವಾಗ ಕೆಲವು ಅಧಿಕಾರಿಗಳು ಹೆಸರು ಬರೆದು ಕಟ್ಟುತ್ತಿದ್ದರು. ಜೊತೆಗೆ ಅಜ್ಜನ ಸೇವಾ ದಾಖಲೆಯಲ್ಲಿ ಯಾವ ಪಡೆ, ಯಾವ ವರ್ಷ ಎಂಬುದಿದ್ದರೆ ಖಡ್ಗದ ಕಥೆಗೆ ಅದೇ ಆಧಾರ. ವ್ಯಾಪಾರಿಯ ಬಾಯಿಮಾತು ಅಲ್ಲ.

ನಕಾಗೊದ ಇನ್ನೊಂದು ಬದಿಯ ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಹೆಸರಾಂತ ಕಮ್ಮಾರರ ಸಹಿಯನ್ನು ಕದಿಯುವುದು ಜಪಾನಿನಲ್ಲಿ ಶತಮಾನಗಳ ಹಳೆಯ ಕಸುಬು, ಅದಕ್ಕೆ ಗಿಮೇ ಎಂಬ ಹೆಸರೇ ಇದೆ. ಸಹಿಯಿಂದ ಶೋಧ ಶುರುವಾಗುತ್ತದೆ, ಮುಗಿಯುವುದಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಸಾರ್ಜೆಂಟ್ ಖಡ್ಗವೊಂದನ್ನು ನೋಡಿದ್ದೇನೆ. ಅಲಗಿನ ಮೇಲೆ ಸಂಖ್ಯೆ ಇರುವುದರಿಂದ ಅಸಲಿಯೇ ತಾನೆ?

ಸಂಖ್ಯೆ ಹೊಡೆಯಲು ಬೇಕಾಗಿರುವುದು ಒಂದು ಉಳಿ, ಒಂದು ಸುತ್ತಿಗೆ. ಸಾರ್ಜೆಂಟ್ ಖಡ್ಗವಾದ 1935ರ 95ನೇ ಮಾದರಿಯನ್ನು ನಕಲು ಮಾಡಿದಷ್ಟು ಬೇರೆ ಯಾವುದನ್ನೂ ಮಾಡಿಲ್ಲ. ಅಸಲಿಯ ಹಿಡಿ ಎರಕ ಹೊಯ್ದ ಲೋಹದ್ದು. ಮೊದಮೊದಲು ತಾಮ್ರ, ಆಮೇಲೆ ಬಣ್ಣ ಬಳಿದ ಅಲ್ಯೂಮಿನಿಯಂ, ಯುದ್ಧದ ಕೊನೆಗೆ ಬರೀ ಮರ. ಒರೆಗೂ ಅಲಗಿಗೂ ಒಂದೇ ಸಂಖ್ಯೆ, ಅಂಕಿಗಳು ಸಮನಾಗಿ ಕೂತಿರುತ್ತವೆ, ಶಸ್ತ್ರಾಗಾರದ ತಪಾಸಣೆ ಮುದ್ರೆಗಳು ಕಾಪಿನ ಬಳಿ ಇರುತ್ತವೆ. ಹಿತ್ತಾಳೆಯ ಹೂಬಳ್ಳಿ, ಅಲಗಿನ ಮೇಲೆ ಕೆತ್ತಿದ ಡ್ರ್ಯಾಗನ್, ವೀರವಾಕ್ಯ ಕಂಡರೆ ಅಲ್ಲಿಂದ ಎದ್ದು ಹೋಗಿ. ಸರ್ಕಾರ ಸಾರ್ಜೆಂಟ್‌ಗೆ ಪುಕ್ಕಟೆ ಕೊಟ್ಟ ಸಾಮಾನಿನಲ್ಲಿ ಶೃಂಗಾರ ಎಲ್ಲಿಂದ ಬರಬೇಕು?

ಪ್ರಶ್ನೆ: ಅಲಗಿನ ಉದ್ದಕ್ಕೂ ಇರುವ ಕಾಲುವೆ ರಕ್ತ ಹರಿಯಲಿಕ್ಕೆ ಅಲ್ಲವೇ?

ಅಲ್ಲ. ತೂಕ ಇಳಿಸಲಿಕ್ಕೆ.

ಪ್ರಶ್ನೆ: ಒರೆಯಿಂದ ತೆಗೆದ ಖಡ್ಗಕ್ಕೆ ರಕ್ತ ತೋರಿಸದೆ ಹಿಂದಕ್ಕೆ ಇಡಬಾರದಂತೆ?

ನನ್ನ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ತೆಗೆದು ಇಡುತ್ತೇನೆ, ಎಣ್ಣೆ ತೋರಿಸುತ್ತೇನೆ.

ಪ್ರಶ್ನೆ: ಸಾವಿರ ಸಲ ಮಡಚಿದ ಉಕ್ಕು ಎಂದು ಮಾರುವವರು ಹೇಳುತ್ತಾರೆ.

ಹತ್ತು ಸಲ ಮಡಚಿದರೆ 1,024 ಪದರ. ಲೆಕ್ಕ ಬಾರದವರ ಹತ್ತಿರ ಕೊಳ್ಳಬೇಡಿ.

ಪ್ರಶ್ನೆ: ಖಡ್ಗದ ಬಳಿ ಅಕ್ಕಿಕಾಳು ಇಟ್ಟು, ಅದು ಎಳೆದುಕೊಂಡರೆ ಕೋಟಿ ಬೆಲೆ ಎಂದು ಒಬ್ಬರು ಮುಂಗಡ ಕೇಳುತ್ತಿದ್ದಾರೆ.

ಇದಕ್ಕೆ ಖಡ್ಗತಜ್ಞ ಬೇಡ. ಹತ್ತಿರದ ಪೊಲೀಸ್ ಠಾಣೆಗೆ ಹೋಗಿ, ಇಂದೇ.

ಪ್ರಶ್ನೆ: ಕೊಡಗಿನ ಸ್ನೇಹಿತರಿಗೆ ಶಸ್ತ್ರ ಇಟ್ಟುಕೊಳ್ಳಲು ಪರವಾನಗಿ ಬೇಡವಂತೆ. ಅವರಿಂದ ಕೊಂಡರೆ ನನಗೂ ಬೇಡ ಅಲ್ಲವೇ? – ಮೈಸೂರಿನ ಓದುಗರು

ಆ ವಿನಾಯಿತಿ ಕೊಡವರಿಗೆ, ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಇರುವುದು. ವಸ್ತುವಿನ ಜೊತೆ ಅದು ಮೈಸೂರಿಗೆ ಬಸ್ ಹತ್ತಿ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಿಮ್ಮ ಪ್ರದೇಶಕ್ಕೆ ಏನು ಅನ್ವಯಿಸುತ್ತದೆಂದು ಕೊಳ್ಳುವ ಮೊದಲೇ ಪೊಲೀಸರಿಂದ ಲಿಖಿತವಾಗಿ ತಿಳಿದುಕೊಳ್ಳಿ. ‘ಶೋಪೀಸ್’ ಎಂಬ ಪದ ಕಾಯ್ದೆಯಲ್ಲಿ ಇಲ್ಲ.

ಪ್ರಶ್ನೆ: ನಮ್ಮಲ್ಲಿರುವ ಖಡ್ಗವನ್ನು ಅದರ ಜಪಾನಿ ಕುಟುಂಬಕ್ಕೆ ಮರಳಿಸಬೇಕೆಂದು ತಾಯಿಯವರ ಆಸೆ.

ತಾಯಿಯವರಿಗೆ ನಮಸ್ಕಾರ ತಿಳಿಸಿ. ಆದರೆ ಪಾರ್ಸೆಲ್ ಕಟ್ಟಬೇಡಿ. ಜಪಾನಿನ 1958ರ ಬಂದೂಕು ಮತ್ತು ಖಡ್ಗ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾಗುವುದು ಸಾಂಪ್ರದಾಯಿಕ ವಿಧಾನದಲ್ಲಿ ತಯಾರಾದ, ಕಲಾಕೃತಿ ಎನ್ನಿಸಿಕೊಂಡ ಅಲಗುಗಳು ಮಾತ್ರ. ಕಾರ್ಖಾನೆಯ ಶೋವಾತೊ ಆ ದೇಶದಲ್ಲೇ ಹುಟ್ಟಿದ್ದರೂ ಅಲ್ಲಿ ಅದಕ್ಕೆ ಜಾಗವಿಲ್ಲ; ವಶಪಡಿಸಿಕೊಂಡು ನಾಶ ಮಾಡುತ್ತಾರೆ. ಇತ್ತ ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಹಳೆಯದಾದರೆ ಇಲ್ಲಿಂದ ಹೊರಡದು, ಹೊಸದಾದರೆ ಅಲ್ಲಿ ಇಳಿಯದು. ಎರಡರ ನಡುವೆ ಉಳಿಯುವುದು ನೂರು ವರ್ಷದೊಳಗಿನ, ಸಾಂಪ್ರದಾಯಿಕವಾಗಿ ಬಡಿದ ಅಲಗು. ಅದಕ್ಕೂ ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು. ಮೊದಲು ಕುಟುಂಬ ಇದೆಯೇ, ಅವರಿಗೆ ಖಡ್ಗ ಬೇಕೇ ಎಂದು ಪತ್ರ ಬರೆದು ಕೇಳಿ. ಬೇಡವೆನ್ನುವವರೂ ಇರುತ್ತಾರೆ. ಚೀಟಿಯಲ್ಲಿ ಹೆಸರಿದ್ದರೆ ಅದರ ಫೋಟೊ ನನಗೆ ಕಳುಹಿಸಿ, ಓದಿ ಹೇಳುತ್ತೇನೆ. ಚೀಟಿಯನ್ನು ಮಾತ್ರ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ.