‘ಬೆಳ್ಳಿ ದೊರೆ’ ಓದಿದ ಮೇಲೆ

ನಮಸ್ಕಾರ.

ನೆಲ್ಸನ್ ಬಂಕರ್ ಹಂಟ್ ಕುರಿತ ನಿಮ್ಮ ‘ಬೆಳ್ಳಿ ದೊರೆ’ಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅಚ್ಚಿಗೆ ಕೊಡಲಾರೆ. ಹಾಗಂತ ಕೈಬಿಡಬೇಡಿ. ಟೆಕ್ಸಾಸ್‌ನ ಎಣ್ಣೆ ಕುಬೇರನ ಮಗನೊಬ್ಬ ಬೆಳ್ಳಿ ಗುಡ್ಡೆ ಹಾಕಿಕೊಳ್ಳಲು ಹೊರಟ ಕಥೆ ಕನ್ನಡದಲ್ಲಿ ಬರಲಿ ಎಂಬ ಆಸೆ ನನಗೂ ಇದೆ.

ಅಪ್ಪ ಎಚ್. ಎಲ್. ಹಂಟ್‌ಗೆ ಒಂಬತ್ತು ಪುಟ ಕೊಟ್ಟಿದ್ದೀರಿ. ಮೂರು ಸಂಸಾರ, ಹದಿನೈದು ಮಕ್ಕಳು, ಈಸ್ಟ್ ಟೆಕ್ಸಾಸ್‌ನ ಎಣ್ಣೆ ಬಾವಿಗಳು, ಎಲ್ಲ ಸ್ವಾರಸ್ಯವೇ. ಆದರೂ ಒಂದು ಪುಟ ಸಾಕು. ಲಿಬಿಯಾಕ್ಕೆ ಮಾತ್ರ ಎರಡೇ ಸಾಲು! ಸರೀರ್ ಎಣ್ಣೆ ನಿಕ್ಷೇಪದಲ್ಲಿ ಬಂಕರನಿಗಿದ್ದ ಪಾಲನ್ನು 1973ರಲ್ಲಿ ಗಡಾಫಿ ಸರ್ಕಾರ ಕಿತ್ತುಕೊಂಡಿತು. ಕಾಗದದ ಹಣ, ಸರ್ಕಾರ ಎರಡನ್ನೂ ನಂಬದ ಆಸಾಮಿ ಅವನು. ಆಗ ಅಮೆರಿಕದ ಜನಸಾಮಾನ್ಯರು ಚಿನ್ನದ ಗಟ್ಟಿ ಇಟ್ಟುಕೊಳ್ಳುವಂತೆಯೇ ಇರಲಿಲ್ಲ, ಆ ನಿಷೇಧ ತೆರವಾದದ್ದು 1974ರ ಕೊನೆಗೆ. ಬೆಳ್ಳಿಯೇ ಯಾಕೆ ಅಂದರೆ ‘ಅದರ ಹೊಳಪಿಗೆ ಮರುಳಾದ’ ಅಂತ ಬರೆದಿದ್ದೀರಲ್ಲ, ಉತ್ತರ ಇಲ್ಲಿದೆ.

ನನಗೆ ಸಿಟ್ಟು ಬಂದದ್ದು 34ನೇ ಪುಟದಲ್ಲಿ: ‘ಅಷ್ಟರಲ್ಲಿ ವಿಧಿ ಕೈಕೊಟ್ಟಿತು’. ಯಾವ ವಿಧಿ ಸ್ವಾಮಿ? ಮುಂದೊಂದು ದಿನ ಕೊಡುವ ಮಾಲಿಗೆ ಇಂದೇ ದರ ಗೊತ್ತುಮಾಡಿಕೊಳ್ಳುವ ವಾಯಿದಾ ಪೇಟೆಯಲ್ಲಿ ಬಹುಪಾಲು ಜನ ಗಡುವಿಗೆ ಮುಂಚೆ ಲೆಕ್ಕ ಚುಕ್ತಾ ಮಾಡಿ ಹೊರಬೀಳುತ್ತಾರೆ. ಬಂಕರ್ ಮತ್ತು ತಮ್ಮ ಹರ್ಬರ್ಟ್ ಸಾಕ್ಷಾತ್ ಬೆಳ್ಳಿಯನ್ನೇ ಕೊಡಿ ಎಂದು ಕೂತರು. 1979ರ ಆರಂಭದಲ್ಲಿ ಔನ್ಸ್‌ಗೆ 6 ಡಾಲರ್ ಆಸುಪಾಸಿನಲ್ಲಿದ್ದ ದರ 1980ರ ಜನವರಿಗೆ 50ರ ಹತ್ತಿರ. ಮನೆಮನೆಯ ಚಮಚ, ಟೀ ಸೆಟ್ಟುಗಳು ಕರಗಿಸುವ ಕುಲುಮೆಗೆ ಬಂದವು, ಪೇಟೆಗೆ ಮಾಲು ಹರಿಯಿತು. ಇತ್ತ ನ್ಯೂಯಾರ್ಕ್‌ನ ಕೊಮೆಕ್ಸ್ ವಿನಿಮಯ ಕೇಂದ್ರ ಜನವರಿ 7ರಂದು ಒಬ್ಬೊಬ್ಬರು ಎಷ್ಟು ವಾಯಿದಾ ಒಪ್ಪಂದ ಹಿಡಿದಿರಬಹುದು ಎಂಬುದಕ್ಕೆ ಮಿತಿ ಹಾಕಿತು. 21ಕ್ಕೆ, ಇರುವ ವ್ಯವಹಾರ ಮುಗಿಸಿಕೊಳ್ಳಿ, ಹೊಸದು ಬೇಡ ಎಂದುಬಿಟ್ಟಿತು. ಆಟದ ನಡುವೆ ನಿಯಮ ಬದಲಾಯಿತು. ಅದು ನ್ಯಾಯವೋ ಅನ್ಯಾಯವೋ ನೀವು ವಾದ ಮಾಡಿ, ವಿಧಿಯ ತಲೆಗೆ ಕಟ್ಟಬೇಡಿ.

ಮಾರ್ಜಿನ್, ಅಂದರೆ ವಾಯಿದಾ ವ್ಯವಹಾರಕ್ಕೆ ದಲ್ಲಾಳಿಯ ಬಳಿ ಇಡುವ ಜಾಮೀನು ಹಣ, ಹೇಗೆ ಕೆಲಸ ಮಾಡುತ್ತದೆ ಅಂತ ಓದುಗರಿಗೆ ಲೆಕ್ಕ ಹಾಕಿ ತೋರಿಸಿ. ಒಂದು ಕಾಂಟ್ರಾಕ್ಟ್ (ವಾಯಿದಾ ಒಪ್ಪಂದ) ಅಂದರೆ 5,000 ಔನ್ಸ್ ಬೆಳ್ಳಿ. ದರ ಒಂದು ಡಾಲರ್ ಇಳಿದರೆ ಕಾಂಟ್ರಾಕ್ಟ್ ಒಂದಕ್ಕೆ 5,000 ಡಾಲರ್ ಹೋಯಿತು, ದಲ್ಲಾಳಿ ಸಂಸ್ಥೆ ಫೋನ್ ಮಾಡಿ ದುಡ್ಡು ತುಂಬಿ ಎನ್ನುತ್ತದೆ. ಅಂಥ ಸಾವಿರಾರು ಕಾಂಟ್ರಾಕ್ಟ್, ಅದೂ ಸಾಲದ ಮೇಲೆ. ಮಾರ್ಚ್ 27ರ ಗುರುವಾರ ದರ 11 ಡಾಲರಿಗಿಂತ ಕೆಳಗಿತ್ತು. ಆ ಒಂದು ದಿನಕ್ಕೆ ನಾಲ್ಕು ಪುಟ ಬೇಕು, ನೀವು ಕೊಟ್ಟದ್ದು ಒಂದು ವಾಕ್ಯ.

‘ಅಂದೇ ದಿವಾಳಿಯಾದ’ ಎಂಬುದು ತಪ್ಪು. ಬ್ಯಾಂಕುಗಳು ಸೇರಿ 1.1 ಶತಕೋಟಿ ಡಾಲರ್ ಸಾಲ ಕೊಟ್ಟು ಎತ್ತಿ ನಿಲ್ಲಿಸಿದವು. ದಿವಾಳಿ ಬಂದದ್ದು 1988ರಲ್ಲಿ: ಎಣ್ಣೆ ದರ ನೆಲಕಚ್ಚಿದ ಮೇಲೆ, ಪೆರುವಿನ ಸರ್ಕಾರಿ ಖನಿಜ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ಸೋತ ಮೇಲೆ. ಅವನು ಜೀವಕ್ಕಿಂತ ಹೆಚ್ಚಾಗಿ ಸಾಕಿದ 500ಕ್ಕೂ ಹೆಚ್ಚು ರೇಸ್ ಕುದುರೆಗಳು ಅದೇ ವರ್ಷ ಹರಾಜಾದವು. ನಿಮ್ಮಲ್ಲಿ ಕುದುರೆಯ ಸುಳಿವೇ ಇಲ್ಲ.

ಇನ್ನೊಂದು. ‘ಬೆಳ್ಳಿ ಪೇಟೆಯನ್ನು ಮೂಲೆಗೆ ತಳ್ಳಿದ’ ಅಂತ ಏಳು ಕಡೆ ಇದೆ. ಇಂಗ್ಲಿಷಿನ ‘ಕಾರ್ನರ್’ ಅನ್ನು ಹಾಗೇ ಇಳಿಸಿದ್ದೀರಿ. ಯಾವುದಾದರೂ ಮಂಡಿ ವ್ಯಾಪಾರಿಯನ್ನು ಕೇಳಿ, ‘ಮಾಲು ಹಿಡಿದು ಕೂತ’ ಅನ್ನುತ್ತಾನೆ. ಅದೇ ಇರಲಿ.

ಶುರು ಎಲ್ಲಿಂದ ಅಂತ ಕೇಳಿದ್ದಿರಿ. 1926ರ ಹುಟ್ಟಿನಿಂದ ಬೇಡ. ಕುಸಿತದ ಹಿಂದಿನ ದಿನ ಟಿಫಾನಿ ಆಭರಣ ಮಳಿಗೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಹಾಕಿ, ಶತಕೋಟಿಗಟ್ಟಲೆ ಬೆಲೆಯ ಬೆಳ್ಳಿ ಕೂಡಿಟ್ಟು ದರ ಏರಿಸುವವರನ್ನು ಹೆಸರೆತ್ತದೆ ಬೈದಿತ್ತು. ಅಲ್ಲಿಂದ ಶುರುಮಾಡಿ. ಕೊನೆಯ ‘ಅತಿಯಾಸೆ ಗತಿಕೇಡು’ ಪ್ಯಾರಾವನ್ನು ನಾನೇ ಹೊಡೆದುಹಾಕಿದ್ದೇನೆ. ಇಪ್ಪತ್ತೈದು ಪುಟ ಮೀರದಂತೆ ತಿದ್ದಿ ಕಳಿಸಿ, ಓದುತ್ತೇನೆ.