ಸೌದಿಯ ದೊರೆ ಫೈಸಲ್ ಹೆಸರು ಇನ್ನೂ ಯಾಕೆ ಉಳಿದಿದೆ?

ಸೌದಿ ಅರೇಬಿಯಾದ ದೊರೆ ಫೈಸಲ್ ತೀರಿಕೊಂಡು ಅರ್ಧ ಶತಮಾನ ಆಯಿತು, ಆದರೂ ಬೇರೆ ಬೇರೆ ಮುಸ್ಲಿಂ ದೇಶಗಳಲ್ಲಿ ಅವರ ಹೆಸರು ಯಾಕೆ ಕೇಳಿಬರುತ್ತದೆ, ಅಂಥದ್ದೇನು ಬಿಟ್ಟುಹೋದರು ಅಂತ ಕೇಳಿದ್ದೀರಿ. ಎಲ್ಲರೂ ಮಸೀದಿ, ಪೆಟ್ರೋಲಿನಿಂದ ಶುರುಮಾಡುತ್ತಾರೆ. ನಾನು ಹೆಣ್ಣುಮಕ್ಕಳ ಶಾಲೆಯಿಂದ ಶುರುಮಾಡುತ್ತೇನೆ. ಅದಕ್ಕೆ ನಮ್ಮ ಮನೆಯದ್ದೇ ಒಂದು ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಫೈಸಲ್ ಅವರ ಹೆಂಡತಿ ಇಫ್ಫತ್ ಬೆಳೆದದ್ದು ಟರ್ಕಿಯಲ್ಲಿ. 1955ರಲ್ಲಿ ಅವರು ಜಿದ್ದಾದಲ್ಲಿ ದಾರ್ ಅಲ್ ಹನಾನ್ ಎಂಬ ಹುಡುಗಿಯರ ಶಾಲೆ ತೆರೆದರು. ನೇರವಾಗಿ ಶಾಲೆ ಅಂದರೆ ಗಲಾಟೆ ಆಗುತ್ತದೆ ಅಂತ ಮೊದಲಿಗೆ ಅದನ್ನು ಅನಾಥ ಮಕ್ಕಳ ಮನೆ ಅಂದರು. 1960ರಲ್ಲಿ ಸರಕಾರಿ ಶಾಲೆಗಳೂ ಬಂದವು. ಆಗ ದೊರೆ ಅಣ್ಣ ಸೌದ್. 1964ರಲ್ಲಿ ಅವರನ್ನು ಇಳಿಸಿ ಫೈಸಲ್ ದೊರೆಯಾದರು.

1963ರಲ್ಲಿ ಬುರೈದಾ ಊರಿನವರು ನಮಗೆ ಈ ಶಾಲೆ ಬೇಡ ಅಂತ ಹಟ ಹಿಡಿದರು. ಯುವರಾಜನಾಗಿ ಆಗಲೇ ಆಡಳಿತ ನಡೆಸುತ್ತಿದ್ದ ಫೈಸಲ್ ಪಡೆ ಕಳಿಸಿ ಶಾಲೆಯ ಬಾಗಿಲು ತೆರೆದೇ ಇರುವಂತೆ ನೋಡಿಕೊಂಡರು. ಮಗಳನ್ನು ಕಳಿಸಲೇಬೇಕು ಅಂತ ಮಾತ್ರ ಯಾರನ್ನೂ ಬಲವಂತ ಮಾಡಲಿಲ್ಲ. ಮೊದಲ ವರ್ಷ ಅಲ್ಲಿ ಕಲಿತದ್ದು ಮುಖ್ಯೋಪಾಧ್ಯಾಯಿನಿಯ ಸ್ವಂತ ಮಗಳೊಬ್ಬಳೇ ಅಂತ ಹೇಳುತ್ತಾರೆ. ಆಮೇಲೆ ಜನರೇ ಕಳಿಸತೊಡಗಿದರು. ಈ ತಾಳ್ಮೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಆದರೆ ಇದಕ್ಕೆ ಬೆಲೆಯನ್ನೂ ಕೊಟ್ಟರು. ಧರ್ಮಪಂಡಿತರು ಒಪ್ಪಲಿ ಅಂತ ಹುಡುಗಿಯರ ಶಾಲೆಗಳ ಉಸ್ತುವಾರಿಯನ್ನು ಅವರ ಕೈಗೇ ಒಪ್ಪಿಸಲಾಯಿತು. ಅದು ಅವರ ಕೈಯಲ್ಲೇ ನಾಲ್ಕು ದಶಕ ಉಳಿಯಿತು. 2002ರ ಮಾರ್ಚಿನಲ್ಲಿ ಮಕ್ಕಾದ ಒಂದು ಶಾಲೆಗೆ ಬೆಂಕಿ ಬಿದ್ದು 15 ಹುಡುಗಿಯರು ಸತ್ತ ಮೇಲೆಯೇ ಆ ಶಾಲೆಗಳು ಶಿಕ್ಷಣ ಇಲಾಖೆಗೆ ಸೇರಿದ್ದು. ಫೈಸಲ್ ಅವರನ್ನು ಹೊಗಳುವಾಗ ಇದನ್ನು ಬಿಟ್ಟು ಹೇಳಿದರೆ ತಪ್ಪಾಗುತ್ತದೆ.

ಗುಲಾಮಗಿರಿಯನ್ನು 1962ರಲ್ಲಿ ರದ್ದುಮಾಡಿದ್ದೂ ಅವರ ಆಡಳಿತವೇ. ಆಗಿನ್ನೂ ಅವರು ಯುವರಾಜ. ಒಡೆಯರಿಗೆ ಪರಿಹಾರದ ಹಣ ಕೊಟ್ಟು ಆ ಜನರನ್ನು ಬಿಡಿಸಿದರು.

ಹೊರಗಿನ ದೇಶಗಳಲ್ಲಿ ಹೆಸರು ಬಂದದ್ದು ಬೇರೆ ದಾರಿಯಲ್ಲಿ. 1969ರ ಆಗಸ್ಟ್‌ನಲ್ಲಿ ಜೆರುಸಲೇಮಿನ ಅಲ್ ಅಕ್ಸಾ ಮಸೀದಿಗೆ ಒಬ್ಬಾತ ಬೆಂಕಿ ಹಚ್ಚಿದ. ಮುಂದಿನ ತಿಂಗಳೇ ಮೊರಾಕೊದ ರಬಾತ್‌ನಲ್ಲಿ ಮುಸ್ಲಿಂ ದೇಶಗಳ ಮುಖಂಡರು ಸೇರಿದರು. ಇವತ್ತಿನ ಇಸ್ಲಾಮಿಕ್ ಸಹಕಾರ ಸಂಘಟನೆಯ ಬೇರು ಅಲ್ಲಿದೆ, ಅದರ ಹಿಂದೆ ಫೈಸಲ್ ಅವರ ಓಡಾಟ ಜಾಸ್ತಿ ಇತ್ತು. 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಇಸ್ರೇಲಿನ ಪರ ನಿಂತ ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದರು. ಬ್ಯಾರಲ್ಲಿಗೆ 3 ಡಾಲರ್ ಆಸುಪಾಸು ಇದ್ದ ಬೆಲೆ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ಬಡ ದೇಶಗಳ ಜನರಿಗೂ ಇದು ಹೊಡೆತವೇ. ಆದರೂ ನಮ್ಮವರೊಬ್ಬರು ಎದ್ದು ನಿಂತರಲ್ವಾ ಅನ್ನುವ ಹೆಮ್ಮೆ ಬಹಳ ಮುಸ್ಲಿಮರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಪಾಕಿಸ್ತಾನದಲ್ಲಂತೂ ಲಯಾಲ್‌ಪುರ ಎಂಬ ದೊಡ್ಡ ಊರನ್ನೇ 1977ರಲ್ಲಿ ಫೈಸಲಾಬಾದ್ ಮಾಡಿದರು. ಇಸ್ಲಾಮಾಬಾದಿನ ಫೈಸಲ್ ಮಸೀದಿ ಮುಗಿದದ್ದು 1986ರಲ್ಲಿ. ಟರ್ಕಿಯ ವೆದಾತ್ ದಲೋಕಾಯ್ ವಿನ್ಯಾಸ ಮಾಡಿದ ಈ ಮಸೀದಿಗೆ ಗುಮ್ಮಟವೇ ಇಲ್ಲ, ಅರಬರ ಡೇರೆಯ ಆಕಾರ. ಬಾಂಗ್ಲಾದೇಶದವರ ನೆನಪು ಮಾತ್ರ ಬೇರೆ. ಅವರ ದೇಶ ಹುಟ್ಟಿದ್ದು 1971ರಲ್ಲಿ. ಫೈಸಲ್ ಬದುಕಿರುವ ತನಕ ಸೌದಿ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಇನ್ನೊಂದು ಮಾತೂ ಇದೆ. ಎಣ್ಣೆಯ ಹಣದ ಜೊತೆ ಸೌದಿಯ ಬಿಗಿ ಧಾರ್ಮಿಕ ರೀತಿಯೂ ಊರೂರಿಗೆ ಹೋಯಿತು. ಅದು ನನಗೆ ಹಿಡಿಸಿದ್ದಲ್ಲ.

ಅವರು ಸತ್ತದ್ದು 1975ರ ಮಾರ್ಚ್ 25ರಂದು, ರಿಯಾದಿನಲ್ಲಿ ಜನರನ್ನು ಭೇಟಿಯಾಗುವ ಹೊತ್ತಿನಲ್ಲಿ. ತಮ್ಮನ ಮಗ ಎದುರಿಗೆ ಬಂದ. ಅವನು ಮುತ್ತಿಡಲಿ ಅಂತ ಫೈಸಲ್ ತಲೆ ಬಗ್ಗಿಸಿದರು, ಅವನು ಗುಂಡು ಹಾರಿಸಿದ. ಹತ್ತು ವರ್ಷದ ಹಿಂದೆ, ಫೈಸಲ್ ತರುತ್ತಿದ್ದ ಟಿವಿ ದೇಶಕ್ಕೆ ಬರಬಾರದು ಅಂತ ಗಲಾಟೆಗಿಳಿದಿದ್ದ ಅವನ ಅಣ್ಣ ಪೊಲೀಸರ ಗುಂಡಿಗೆ ಸತ್ತಿದ್ದ.

ಮರುವರ್ಷ ಮಕ್ಕಳು ಸೇರಿ ಅಪ್ಪನ ಹೆಸರಲ್ಲಿ ಪ್ರತಿಷ್ಠಾನ ಕಟ್ಟಿದರು. ಅದು ಕೊಡುವ ಕಿಂಗ್ ಫೈಸಲ್ ಪ್ರಶಸ್ತಿಗೆ ಧರ್ಮದ ಗಡಿ ಇಲ್ಲ. ಬೆಂಗಳೂರಿನಲ್ಲೇ ನೆಲೆಸಿದ್ದ ಗಣಿತಜ್ಞ ಎಂ.ಎಸ್. ನರಸಿಂಹನ್ ಅವರಿಗೆ 2006ರಲ್ಲಿ ಅದು ಬಂತು.

ಈಗ ನಮ್ಮ ಮನೆಯ ವಿಷಯ. ಎಣ್ಣೆಯ ಬೆಲೆ ಏರಿದ ಮೇಲೆ ಕರಾವಳಿಯಿಂದ ಗಲ್ಫಿಗೆ ಹೋದವರಲ್ಲಿ ನಮ್ಮ ಅಪ್ಪನೂ ಒಬ್ಬರು. ಸೌದಿಯ ದಮ್ಮಾಮಿನಲ್ಲಿ ಡ್ರೈವರ್ ಕೆಲಸ. ಅಮ್ಮನಿಗೆ ಓದಲು ಬಾರದು. ಹಾಗಾಗಿ ಅಪ್ಪ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅಕ್ಕ ಏಳನೇ ಕ್ಲಾಸ್ ಮುಗಿಸಿದಾಗ ಇನ್ನು ಸಾಕು, ಬಿಡಿಸಿ ಅಂತ ದೊಡ್ಡಪ್ಪ ಹೇಳಿದ್ದರು. ಆ ಸಲದ ಕ್ಯಾಸೆಟ್ಟನ್ನು ಅಮ್ಮ ಎಲ್ಲರ ಮುಂದೆಯೇ ಹಾಕಿದರು. ಟೇಪಿನ ಕರಕರ ಸದ್ದಿನ ನಡುವೆ ಅಪ್ಪನ ದನಿ: "ಇಲ್ಲಿ ಬೆಳಿಗ್ಗೆ ಕಿಟಕಿಗೆ ಪರದೆ ಹಾಕಿದ ಬಸ್ಸುಗಳು ಸಾಲಾಗಿ ಹೋಗ್ತವೆ. ಒಳಗೆ ಎಲ್ಲಾ ಹೆಣ್ಣುಮಕ್ಕಳೇ, ಶಾಲೆಗೆ ಹೋಗೋರು. ಮಕ್ಕಾ ಇರುವ ದೇಶದಲ್ಲೇ ಓದಿಸ್ತಾರೆ. ನಾವು ಯಾಕೆ ಬಿಡಿಸೋದು?"

ದೊಡ್ಡಪ್ಪ ಏನೂ ಮಾತಾಡಲಿಲ್ಲ. ಜೂನ್ ತಿಂಗಳಲ್ಲಿ ಅಕ್ಕ ಎಂಟನೇ ಕ್ಲಾಸಿಗೆ ಹೋದಳು.