ತಾತನ ಕಾಲದ ಎನ್‌ಫೀಲ್ಡ್ ರಿವಾಲ್ವರಿಗೆ ನಿಕ್ಕಲ್ ಲೇಪನ ಬೇಕೇ?

ಮಾನ್ಯರೇ, ಸೇನೆಯಲ್ಲಿದ್ದ ನಿಮ್ಮ ದಿವಂಗತ ತಾತನವರ ಎನ್‌ಫೀಲ್ಡ್ ನಂ. 2 ರಿವಾಲ್ವರ್ ಚಿಂತಾಮಣಿಯ ಮನೆಯಲ್ಲಿ ಸಿಕ್ಕಿದೆಯೆಂದೂ, ತುಕ್ಕು ಉಜ್ಜಿಸಿ ನಿಕ್ಕಲ್ ಲೇಪಿಸಿದರೆ ಬೆಲೆ ಏರುವುದೇ ಎಂದೂ ಕೇಳಿದ್ದೀರಿ. ದಯವಿಟ್ಟು ಲೇಪಿಸಬೇಡಿ. ಸಂಗ್ರಾಹಕರು ಬೆಲೆ ಕಟ್ಟುವುದು ಕಾರ್ಖಾನೆಯ ಮೂಲ ಮೇಲ್ಮೈಗೆ ಮತ್ತು ಅದರ ಮೇಲಿನ ಮುದ್ರೆಗಳಿಗೆ. ಉಪ್ಪುಕಾಗದ ಉಜ್ಜಿ ಮಾಸಿಹೋದ ಅಕ್ಷರಗಳು ಮತ್ತೆ ಮೂಡುವುದಿಲ್ಲ.

ಆದರೆ ಮೊದಲ ಕೆಲಸ ಬೇರೆಯೇ ಇದೆ. ಪರವಾನಗಿದಾರರು ತೀರಿಕೊಂಡಿರುವುದರಿಂದ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅದನ್ನು ಕೂಡಲೇ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ಮಾರಾಟಗಾರರಲ್ಲಿ ಠೇವಣಿ ಇಟ್ಟು, ವಾರಸುದಾರರಾಗಿ ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಮಾರಾಟವೂ ಕಾನೂನಿನ ದಾರಿಯಲ್ಲೇ ಆಗಬೇಕು.

ಪರಿಶೀಲನೆಯ ವೇಳೆ ಬಲಬದಿಯಲ್ಲಿ ಕಿರೀಟದ ಗುರುತು, ಮಾದರಿ ಮತ್ತು ಇಸವಿ ಸ್ಪಷ್ಟವಾಗಿವೆಯೇ, ಚೌಕಟ್ಟು, ನಳಿಕೆ ಹಾಗೂ ಸಿಲಿಂಡರಿನ ಸಂಖ್ಯೆಗಳು ಒಂದೇ ಆಗಿವೆಯೇ ಎಂದು ನೋಡಿಸಿ. ಅದಕ್ಕಿಂತ ಮುಖ್ಯವಾಗಿ, ಗುಂಡು ಹಾರಿಸಲು ಬಡಿಯುವ ಸುತ್ತಿಗೆಯ (ಹ್ಯಾಮರ್) ಹಿಂಭಾಗದಲ್ಲಿ ಹೆಬ್ಬೆರಳಿಡುವ ಕೊಕ್ಕೆ ಉಳಿದಿದೆಯೇ ಗಮನಿಸಿ: 1938ರಲ್ಲಿ ಬಂದ ಮಾದರಿಯಲ್ಲಿ ಅದನ್ನು ಕೈಬಿಟ್ಟು, ಹಳೆಯವನ್ನೂ ಬಹುಪಾಲು ಹಾಗೆಯೇ ಮಾರ್ಪಡಿಸಿದ್ದರಿಂದ, ಮೂಲ ಕೊಕ್ಕೆಯುಳ್ಳವು ವಿರಳ, ನನ್ನ ದೃಷ್ಟಿಯಲ್ಲಿ ಅವೇ ಹೆಚ್ಚು ಬೆಲೆಯುಳ್ಳವು.

ಮೇಲಿನ ಕೆಂಪು ಧೂಳಿನಂತಹ ತುಕ್ಕನ್ನು ತೆಳು ಎಣ್ಣೆ ಸವರಿದ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಕುಳಿ ಬಿದ್ದ ಕಡೆ ಕೆರೆಯಬಾರದು. ಯುದ್ಧಕಾಲದ ಗುಂಡುಗಳ ಸಿಡಿಮದ್ದು ಬಿಟ್ಟ ಲವಣದಿಂದ ನಳಿಕೆಯೊಳಗೆ ಕುಳಿಗಳಾಗಿದ್ದರೆ ಬೆಲೆ ಖಂಡಿತ ಇಳಿಯುತ್ತದೆ. ರಿವಾಲ್ವರ್ ಇಡುವ ಚರ್ಮದ ಚೀಲವಿದ್ದರೆ, ಅದು ತೇವ ಹಿಡಿಯುವುದರಿಂದ ಅದನ್ನು ಜೋಪಾನವಾಗಿ ಪ್ರತ್ಯೇಕವಾಗಿಡಿ, ಎಸೆಯಬೇಡಿ. ಅದರ ಮೇಲೂ ಇಸವಿಯ ಮುದ್ರೆ ಇರಬಹುದು.